ಅಪರಿಚಿತ ಗದ್ಯದ ಓದು: ಸಂಶೋಧನ ಪ್ರವೇಶ ಪರೀಕ್ಷೆ ಮತ್ತು ಕನ್ನಡ ತರಗತಿ

ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದ ವಿದ್ಯಾರ್ಥಿ ಸಂಶೋಧನೆಗೆ ಪ್ರವೇಶ ಪಡೆಯುವ ಹಾದಿ ಈಚಿನ ವರ್ಷಗಳಲ್ಲಿ ಗಣನೀಯವಾಗಿ ಬದಲಾಗಿದೆ. ಅಧ್ಯಾಪಕ ವೃತ್ತಿಯ ಅರ್ಹತೆ ಹಾಗೂ ಸಂಶೋಧನ ವೇತನಗಳಿಗೆ ಮಾತ್ರ ಸಂಬಂಧಿಸಿದ್ದ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ಎಲ್ಲರ ಬಾಯಲ್ಲಿ ‘ನೆಟ್’ ಎನಿಸಿಕೊಂಡಿರುವ ಪರೀಕ್ಷೆ, 2024ರ ಜೂನ್ ಅವಧಿಯಿಂದ ಪಿಎಚ್.ಡಿ. ಪ್ರವೇಶ ಪರೀಕ್ಷೆಯೂ ಆಗಿದೆ. ಆ ವರ್ಷದ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಪ್ರಕಟಣೆಯಂತೆ ಅಭ್ಯರ್ಥಿಗಳನ್ನು ಮೂರು ವರ್ಗಗಳಲ್ಲಿ ಅರ್ಹರೆಂದು ಘೋಷಿಸಲಾಗುತ್ತದೆ. ಸಂಶೋಧನ ವೇತನಕ್ಕೆ ಅರ್ಹರಾದವರು ಮೊದಲನೆಯ ವರ್ಗ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ. ಪ್ರವೇಶಕ್ಕೂ ಅರ್ಹರಾದವರು ಎರಡನೆಯದು. ಪ್ರವೇಶಕ್ಕೆ ಮಾತ್ರ ಅರ್ಹರಾದವರು ಮೂರನೆಯದು. ಕೊನೆಯ ಎರಡು ವರ್ಗದವರ ಆಯ್ಕೆಯಲ್ಲಿ ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರಷ್ಟು ತೂಕ. ಆ ಅಂಕಕ್ಕೆ ಒಂದು ವರ್ಷ ಮಾತ್ರ ಮಾನ್ಯತೆ. ಹಿಂದೆ ವಿಭಾಗದ ಹಿರಿಯರು ವಿದ್ಯಾರ್ಥಿಯ ಬರಹವನ್ನು ನೋಡಿ, ಅವನ ಓದಿನ ಆಳವನ್ನು ಮಾತಿನಲ್ಲಿ ಅಳೆದು ತೆಗೆದುಕೊಳ್ಳುತ್ತಿದ್ದ ತೀರ್ಮಾನದ ಬಹುಪಾಲು ಹೀಗೆ ವಸ್ತುನಿಷ್ಠ ಪ್ರಶ್ನೆಪತ್ರಿಕೆಯೊಂದರ ಪಾಲಾಗಿದೆ.

ಈ ಪರೀಕ್ಷೆಯಲ್ಲಿ 150 ಪ್ರಶ್ನೆಗಳು, 300 ಅಂಕಗಳು, ಮೂರು ಗಂಟೆಗಳ ಅವಧಿ. ಮೊದಲನೆಯ ಪತ್ರಿಕೆಯ 50 ಪ್ರಶ್ನೆಗಳು ಎಲ್ಲ ವಿಷಯದವರಿಗೂ ಸಮಾನ; ಎರಡನೆಯದರ 100 ಪ್ರಶ್ನೆಗಳು ಆಯ್ದ ವಿಷಯಕ್ಕೆ ಸಂಬಂಧಿಸಿದವು. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ಪಠ್ಯಕ್ರಮದಲ್ಲಿ ಮೊದಲನೆಯ ಪತ್ರಿಕೆಗೆ ಹತ್ತು ಘಟಕಗಳಿದ್ದು, ಮೂರನೆಯ ಘಟಕ ಗದ್ಯಭಾಗದ ಗ್ರಹಿಕೆಗೆ ಮೀಸಲು. ಸಾಮಾನ್ಯವಾಗಿ ಒಂದು ಗದ್ಯಭಾಗ, ಅದರ ಮೇಲೆ ಐದು ಪ್ರಶ್ನೆ, ಹತ್ತು ಅಂಕ. ಹತ್ತು ಅಂಕ ಸಣ್ಣದೆಂದು ತೋರಬಹುದು. ಆದರೆ ಎರಡೂ ಪತ್ರಿಕೆಗಳ ಅಂಕಗಳನ್ನು ಕೂಡಿಸಿ ಅರ್ಹತೆಯನ್ನು ನಿರ್ಧರಿಸುವುದರಿಂದ, ಪಂಪನ ಬಗೆಗೋ ಶಾಸನ ಛಂದಸ್ಸಿನ ಬಗೆಗೋ ಕಷ್ಟಪಟ್ಟು ಗಳಿಸಿದ ಹತ್ತು ಅಂಕ ಈ ಒಂದು ಗದ್ಯಭಾಗದಲ್ಲಿ ಸೋರಿಹೋಗುವುದು ಸಾಧ್ಯ. ಕನ್ನಡ ವಿದ್ಯಾರ್ಥಿಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಎರಡನೆಯ ಪತ್ರಿಕೆ ಕನ್ನಡದಲ್ಲಿದ್ದರೂ ಮೊದಲನೆಯದು ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಅನುವಾದದಲ್ಲಿ ಸಂದಿಗ್ಧತೆ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ.

ಬೆಂಗಳೂರಿನ ಶೇಷಾದ್ರಿಪುರಂ ಹಾಗೂ ಅದರ ನೆರೆಹೊರೆ ಈ ಸಮಸ್ಯೆಯನ್ನು ನೋಡಲು ಅನುಕೂಲವಾದ ನೆಲೆಯಾಗಿದೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನ ಈ ಬಡಾವಣೆಯಲ್ಲಿ 1930ರಲ್ಲಿ ಮಕ್ಕಳ ಸಣ್ಣ ಶಾಲೆಯಾಗಿ ಮೊದಲಾದ ಶಿಕ್ಷಣ ಸಂಸ್ಥೆ ಇಂದು ಅನೇಕ ಕಾಲೇಜುಗಳನ್ನು ನಡೆಸುತ್ತಿದೆ. ಅವರದೇ ಹೆಸರಿನ ಸ್ಮಾರಕ ಭವನದಲ್ಲಿ, ಕಬ್ಬನ್ ಉದ್ಯಾನದೊಳಗೆ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಉತ್ತರಕ್ಕೆ ಮಲ್ಲೇಶ್ವರಂನ ಸಂಪಿಗೆ ರಸ್ತೆಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ. ದಕ್ಷಿಣಕ್ಕೆ ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು. ಒಂದು ಕಡೆ ಕಾವ, ಜಾಣ, ರತ್ನ ಪರೀಕ್ಷೆಗಳ ಮೂಲಕ ಕಾವ್ಯದ ಓದನ್ನು ಜನಸಾಮಾನ್ಯರವರೆಗೆ ಕೊಂಡೊಯ್ದ ಸಂಸ್ಥೆ. ಇನ್ನೊಂದು ಕಡೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕಪ್ಪಾಗಿಸುವ ಓದನ್ನು ಅಳೆಯುವ ಸಂಸ್ಥೆ. ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ರಾಜ್ಯ ಅರ್ಹತಾ ಪರೀಕ್ಷೆಯನ್ನು (ಕೆ-ಸೆಟ್) 2023ರ ಸಾಲಿನಿಂದ ಈ ಪ್ರಾಧಿಕಾರವೇ ನಡೆಸುತ್ತಿದೆ. ಆ ಸಾಲಿನ ಪರೀಕ್ಷೆ ನಡೆದದ್ದು 2024ರ ಜನವರಿ 13ರಂದು. ಇದು ಪ್ರವೇಶ ಪರೀಕ್ಷೆಯಲ್ಲ, ಅಧ್ಯಾಪಕ ಅರ್ಹತೆಯದು. ಆದರೆ ಇದರ ಮೊದಲನೆಯ ಪತ್ರಿಕೆ ನೆಟ್‌ನ ಅಚ್ಚಿನಲ್ಲಿಯೇ ಇದ್ದು ಕನ್ನಡದಲ್ಲಿಯೂ ದೊರೆಯುವುದರಿಂದ, ಗದ್ಯಗ್ರಹಿಕೆಯ ತೊಡಕುಗಳಲ್ಲಿ ಭಾಷೆಯ ಪಾಲೆಷ್ಟು, ಓದಿನ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲು ಅವಕಾಶ ಕೊಡುತ್ತದೆ.

ಪರಿಚಿತ ಪಠ್ಯದ ಓದು

ಕನ್ನಡ ತರಗತಿ ಓದನ್ನು ಕಲಿಸುವುದಿಲ್ಲವೆಂದು ಹೇಳುವುದು ಅನ್ಯಾಯವಾಗುತ್ತದೆ. ಆದರೆ ಅದು ಕಲಿಸುವ ಓದು ಬಹುಮಟ್ಟಿಗೆ ಪರಿಚಿತ ಪಠ್ಯದ ಓದು. ಸಂದರ್ಭ ಸಹಿತ ಸ್ವಾರಸ್ಯವನ್ನು ವಿವರಿಸುವ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಒಂದು ಸಾಲನ್ನು ಕೊಟ್ಟು, ಅದು ಯಾವ ಕೃತಿಯದು, ಯಾರು ಯಾರಿಗೆ ಹೇಳಿದರು, ಅದರ ಸ್ವಾರಸ್ಯವೇನು ಎಂದು ಕೇಳುವ ಈ ಪ್ರಕಾರ ಪಠ್ಯವನ್ನು ಮೊದಲೇ ಓದಿದ್ದಾನೆಂಬ ನಂಬಿಕೆಯ ಮೇಲೆ ನಿಂತಿದೆ. ಉತ್ತರ ಬರುವುದು ಎದುರಿಗಿರುವ ಸಾಲಿನಿಂದಲ್ಲ, ನೆನಪಿನಿಂದ. ಪ್ರಬಂಧ ರೂಪದ ಪ್ರಶ್ನೆಯಲ್ಲಂತೂ ಪಠ್ಯ ಎದುರಿಗೆ ಇರುವುದೇ ಇಲ್ಲ. ಮಾರುಕಟ್ಟೆಯ ಗೈಡುಗಳು ಈ ಕೊರತೆಯನ್ನು ತಮ್ಮ ಬಂಡವಾಳ ಮಾಡಿಕೊಂಡಿವೆ. ಮೂಲವನ್ನು ತೆರೆಯದೆಯೇ ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾಗುವುದು ಅಸಾಧ್ಯವೇನಲ್ಲ ಎಂಬುದು ಅಧ್ಯಾಪಕರಿಗೆಲ್ಲ ತಿಳಿದ ಗುಟ್ಟು.

ಪ್ರವೇಶ ಪರೀಕ್ಷೆಯ ಗದ್ಯಭಾಗ ಇದಕ್ಕೆ ತದ್ವಿರುದ್ಧ. ಪಠ್ಯ ಎದುರಿಗಿದೆ, ಆದರೆ ಅದನ್ನು ಹಿಂದೆಂದೂ ಕಂಡಿಲ್ಲ. ಲೇಖಕನ ಹೆಸರಿಲ್ಲ, ಶೀರ್ಷಿಕೆ ಇಲ್ಲ, ಹಿಂದುಮುಂದಿಲ್ಲ. ಶೀರ್ಷಿಕೆಯಿಲ್ಲದ ಓದು ಎಷ್ಟು ಕಷ್ಟವೆಂಬುದನ್ನು ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಮನೋವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಬಟ್ಟೆ ಒಗೆಯುವ ಕ್ರಮವನ್ನು ‘ಬಟ್ಟೆ’ ಎಂಬ ಪದವನ್ನೇ ಬಳಸದೆ ವಿವರಿಸಿದ ಒಂದು ಭಾಗವನ್ನು ಅವರು ಕೇಳಿಸಿದರು. ವಿಷಯವೇನೆಂದು ಮೊದಲೇ ತಿಳಿಸಿದವರು ಅದನ್ನು ಅರ್ಥಮಾಡಿಕೊಂಡರು, ನೆನಪಿಟ್ಟುಕೊಂಡರು. ತಿಳಿಸದವರಿಗೆ ಪ್ರತಿ ವಾಕ್ಯ ಅರ್ಥವಾದರೂ ಇಡಿಯದು ಅರ್ಥವಾಗಲಿಲ್ಲ. ಕೇಳಿಸಿದ ಮೇಲೆ ವಿಷಯವನ್ನು ತಿಳಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಕನ್ನಡ ವಿದ್ಯಾರ್ಥಿಯ ಅನುಭವ ಇದೇ. ಅರ್ಥಶಾಸ್ತ್ರ, ಪರಿಸರ, ಆಡಳಿತ, ವಿಜ್ಞಾನದ ಇತಿಹಾಸಗಳಿಂದ ಆಯ್ದ ಗದ್ಯ ಅವನಿಗೆ ಶೀರ್ಷಿಕೆ ಕಿತ್ತ ಗದ್ಯ. ಅವನ ಪಠ್ಯಪುಸ್ತಕಗಳಲ್ಲಿ ಕಥೆ, ಕವಿತೆ, ಲಲಿತ ಪ್ರಬಂಧ, ವಿಮರ್ಶೆಗಳಿವೆ. ವಾದವನ್ನು ಮಂಡಿಸುವ ವೈಚಾರಿಕ ಗದ್ಯ ಬಹಳ ಕಡಮೆ. ಇದು ಕನ್ನಡದ ಬಡತನವಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹೊರಟಾಗಿನಿಂದಲೂ ಅಂಥ ಗದ್ಯ ಕನ್ನಡದಲ್ಲಿ ಧಾರಾಳವಾಗಿ ಬಂದಿದೆ. ಶಿವರಾಮ ಕಾರಂತರು ವಿಜ್ಞಾನವನ್ನು ಕುರಿತು ಸಂಪುಟಗಳನ್ನೇ ಬರೆದರು, ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು ಹರಟೆಯಷ್ಟು ಸಲೀಸಾಗಿ ಓದಿಸಿದರು. ಪಠ್ಯಪುಸ್ತಕ ಸಮಿತಿಗಳ ಕಣ್ಣು ಆ ಕಡೆ ಹೆಚ್ಚಾಗಿ ಹೊರಳಲಿಲ್ಲ, ಅಷ್ಟೆ.

ಅನ್ವಯವೆಂಬ ಹಳೆಯ ಉಪಕರಣ

ತರಬೇತಿ ಪುಸ್ತಕಗಳು ಗದ್ಯಗ್ರಹಿಕೆಗೆ ಕೊಡುವ ಸಲಹೆಗಳು ಸಾಮಾನ್ಯವಾಗಿ ವೇಗಕ್ಕೆ ಸಂಬಂಧಿಸಿದವು: ಕಣ್ಣಾಡಿಸಿ, ಮುಖ್ಯ ಪದಗಳನ್ನು ಹಿಡಿಯಿರಿ, ಪ್ರಶ್ನೆಯನ್ನು ಮೊದಲು ಓದಿ. ಇವು ಭಾಷೆಯಲ್ಲಿ ನುರಿತವನಿಗೆ ಉಪಯುಕ್ತವಾಗಬಹುದು. ವಾಕ್ಯವೇ ಬಿಡಿಸಿಕೊಳ್ಳದವನಿಗೆ ಮುಖ್ಯ ಪದಗಳನ್ನು ಹಿಡಿಯುವ ಚಾಳಿ ಅಪಾಯಕಾರಿ. ಏಕೆಂದರೆ ತಪ್ಪು ಆಯ್ಕೆಗಳನ್ನು ಆ ಮುಖ್ಯ ಪದಗಳಿಂದಲೇ ಹೆಣೆದಿರುತ್ತಾರೆ. ಈ ಹಿನ್ನೆಲೆಯಲ್ಲಿ ಕನ್ನಡ ಮತ್ತು ಸಂಸ್ಕೃತ ವಿದ್ವತ್ಪರಂಪರೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದು, ಹಳಗನ್ನಡ ಪದ್ಯದ ಆಚೆಗೆ ಈಗ ಯಾರೂ ಬಳಸದ ಅನ್ವಯ ಪದ್ಧತಿಯನ್ನು ಮತ್ತೆ ಪರಿಶೀಲಿಸುವುದು ಸೂಕ್ತ.

ಅನ್ವಯದಲ್ಲಿ ಎರಡು ಬಗೆ. ದಂಡಾನ್ವಯದಲ್ಲಿ ಪದಗಳನ್ನು ಗದ್ಯದ ಸಹಜ ಕ್ರಮಕ್ಕೆ ತಂದು ಸಾಲಾಗಿ ಜೋಡಿಸುತ್ತಾರೆ. ಖಂಡಾನ್ವಯದಲ್ಲಿ ಮೊದಲು ಪ್ರಧಾನ ಕ್ರಿಯಾಪದವನ್ನು ಹಿಡಿದು, ಆಮೇಲೆ ಯಾರು, ಏನನ್ನು, ಎಂತಹ, ಏಕೆ, ಯಾವಾಗ ಎಂಬ ಪ್ರಶ್ನೆಗಳಿಂದ ಉಳಿದ ಪದಗಳನ್ನು ಒಂದೊಂದಾಗಿ ಅದಕ್ಕೆ ಕಟ್ಟುತ್ತಾರೆ. ಈ ಎರಡನೆಯ ಕ್ರಮ ಅಪರಿಚಿತ ಇಂಗ್ಲಿಷ್ ವಾಕ್ಯವನ್ನು ಬಿಡಿಸಲು ಅತ್ಯಂತ ಸಮರ್ಥವಾದುದು. ಕಾರಣ ಎರಡು ಭಾಷೆಗಳ ವಾಕ್ಯರಚನೆಯಲ್ಲಿದೆ. ಕನ್ನಡ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ವಿಶೇಷಣಗಳೂ ಕೃದಂತಗಳೂ ನಾಮಪದಕ್ಕೆ ಮೊದಲೇ ಬರುತ್ತವೆ. ‘ನಿನ್ನೆ ಊರಿನಿಂದ ಬಂದ ಹುಡುಗ’ ಎನ್ನುವಲ್ಲಿ ಹುಡುಗ ಬರುವ ವೇಳೆಗೆ ಅವನ ವಿವರವೆಲ್ಲ ಬಂದಿರುತ್ತದೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು ನಿಲ್ಲುತ್ತಾನೆ, ವಿವರಗಳು ಅವನ ಹಿಂದೆ ಬರುತ್ತವೆ, ಅವನ ಕ್ರಿಯೆ ಅವುಗಳನ್ನೆಲ್ಲ ದಾಟಿದ ಮೇಲೆ ಬರುತ್ತದೆ. ಉದ್ದನೆಯ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿಗೂ ಕ್ರಿಯೆಗೂ ನಡುವೆ ಎರಡು ಮೂರು ಉಪವಾಕ್ಯಗಳು ಹೊಕ್ಕಿರುತ್ತವೆ. ಕನ್ನಡದ ಅಭ್ಯಾಸದಿಂದ ಓದುವವನು ಸಮೀಪದ ನಾಮಪದವನ್ನೇ ಕರ್ತೃವೆಂದು ಭಾವಿಸಿ ಕ್ರಿಯೆಗೆ ಕಟ್ಟಿಬಿಡುತ್ತಾನೆ. ‘ಈ ಕೆಲಸವನ್ನು ಮಾಡಿದವರು ಯಾರು’ ಎಂಬ ಸರಳ ಪ್ರಶ್ನೆಗೆ ತಪ್ಪು ಉತ್ತರ ಬರುವುದು ಹೀಗೆ.

ನಿಷೇಧದ ವಿಚಾರದಲ್ಲಿ ಈ ವ್ಯತ್ಯಾಸ ಇನ್ನೂ ತೀವ್ರವಾಗಿದೆ. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’ಗಳು ವಾಕ್ಯದ ಕೊನೆಯಲ್ಲಿ ಬಂದು ಗಂಟೆ ಬಾರಿಸಿದಂತೆ ಅರ್ಥವನ್ನು ತಿರುಗಿಸುತ್ತವೆ. ಇಂಗ್ಲಿಷಿನಲ್ಲಿ ನಿಷೇಧ ವಾಕ್ಯದ ಮೊದಲಲ್ಲೋ ನಡುವಿನಲ್ಲೋ ಅಡಗಿರುತ್ತದೆ. ‘ಹಾರ್ಡ್ಲಿ’, ‘ಸೆಲ್ಡಮ್’, ‘ಅನ್‌ಲೆಸ್’ ಮುಂತಾದ ಪದಗಳಲ್ಲಿ ನಿಷೇಧದ ಗುರುತು ಮೇಲುನೋಟಕ್ಕೆ ಕಾಣುವುದಿಲ್ಲ. ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಮೆ, ಅದರ ಹಿಂದೆ ‘ಎ’ ಬಂದರೆ ಕೆಲವಾದರೂ ಇವೆ ಎಂಬ ಭಾವ. ಒಂದೇ ಅಕ್ಷರದ ಈ ಅಂತರದಲ್ಲಿ ಲೇಖಕನ ನಿಲುವೇ ಬದಲಾಗುತ್ತದೆ.

ಕೆ-ಸೆಟ್‌ನಂತೆ ಗದ್ಯಭಾಗ ಕನ್ನಡದಲ್ಲಿ ಬಂದರೆ ಕಷ್ಟ ತೀರಿತೆಂದು ತಿಳಿಯುವಂತಿಲ್ಲ. ಅನುವಾದಿತ ಗದ್ಯಕ್ಕೆ ಅದರದೇ ತೊಡಕುಗಳಿವೆ. ‘ಅನ್‌ಲೆಸ್’ ಎಂಬುದನ್ನೇ ಮತ್ತೆ ನೋಡಬಹುದು. ‘ಮಳೆ ಬಂದ ಹೊರತು ಬೆಳೆ ಬಾರದು’ ಎಂಬುದು ತರ್ಕಕ್ಕೂ ಹಳೆಯ ಬಳಕೆಗೂ ಒಪ್ಪುವ ರೂಪ. ‘ಹೊರತು’ ಎಂಬಲ್ಲಿಯೇ ವರ್ಜನೆಯ ಅರ್ಥವಿರುವುದರಿಂದ ಇನ್ನೊಂದು ನಿಷೇಧ ಬೇಕಿಲ್ಲ. ಇಂದಿನ ಬರಹದಲ್ಲಿ ‘ಮಳೆ ಬಾರದ ಹೊರತು ಬೆಳೆ ಬಾರದು’ ಎಂಬ ರೂಪವೂ ಅದೇ ಅರ್ಥದಲ್ಲಿ ವ್ಯಾಪಕವಾಗಿದೆ. ಮಾತಿನಲ್ಲಿ ಸಂದರ್ಭ ಕೈಹಿಡಿಯುತ್ತದೆ. ಹೇಳಿಕೆಯ ಸತ್ಯಾಸತ್ಯವನ್ನು ಕೇಳುವ ಪ್ರಶ್ನೆಯಲ್ಲಿ ಇಂಥ ವಾಕ್ಯ ಬಂದರೆ ಎಚ್ಚರದಿಂದ ಓದುವವನೇ ಸೋಲುತ್ತಾನೆ. ‘ಎಲ್ಲ ವಿದ್ಯಾರ್ಥಿಗಳೂ ಉತ್ತೀರ್ಣರಾಗಲಿಲ್ಲ’ ಎಂಬ ವಾಕ್ಯವೂ ಹಾಗೆಯೇ: ಕೆಲವರು ಅನುತ್ತೀರ್ಣರಾದರೆಂದೋ, ಒಬ್ಬರೂ ಉತ್ತೀರ್ಣರಾಗಲಿಲ್ಲವೆಂದೋ? ಪ್ರಶ್ನೆಪತ್ರಿಕೆ ತಯಾರಿಸುವ ಕನ್ನಡ ಅಧ್ಯಾಪಕರು ಇಂಥಲ್ಲಿ ‘ಎಲ್ಲರೂ ಅಲ್ಲ’, ‘ಯಾರೂ ಇಲ್ಲ’ ಎಂದು ಬಿಡಿಸಿ ಬರೆಯುವುದು ಅಭ್ಯರ್ಥಿಗೆ ಮಾಡುವ ದೊಡ್ಡ ಉಪಕಾರ.

ಕನ್ನಡದಲ್ಲಿ ಗ್ರಹಿಕೆ ನಿಂತಿರುವುದು ಬಹುಮಟ್ಟಿಗೆ ಪ್ರತ್ಯಯಗಳ ಮೇಲೆ. ‘ಅದೇ ಕಾರಣ’, ‘ಅದೂ ಕಾರಣ’, ‘ಅದೋ ಕಾರಣ’ ಇವು ಮೂರು ಬೇರೆ ಬೇರೆ ಹೇಳಿಕೆಗಳು. ‘ಆಗುತ್ತದೆ’, ‘ಆಗಬಹುದು’, ‘ಆದೀತು’ಗಳಲ್ಲಿ ಲೇಖಕನ ಭರವಸೆಯ ಪ್ರಮಾಣ ಇಳಿಯುತ್ತ ಹೋಗುತ್ತದೆ. ‘ಆಯಿತಂತೆ’ ಎಂದಾಗ ಹೊಣೆ ಬೇರೆಯವರ ಮೇಲೆ ಬೀಳುತ್ತದೆ. ‘ಎಂಬ ವಾದವಿದೆ’ ಎಂದು ಶುರುವಾದ ವಾಕ್ಯ ಸಾಮಾನ್ಯವಾಗಿ ಪೂರ್ವಪಕ್ಷ. ಸಿದ್ಧಾಂತ ಮುಂದೆ ‘ಆದರೆ’ ಎಂಬಲ್ಲಿ ಬರುತ್ತದೆ. ಲೇಖಕನ ಅಭಿಪ್ರಾಯವೇನೆಂದು ಕೇಳಿದ ಪ್ರಶ್ನೆಗೆ ಪೂರ್ವಪಕ್ಷವನ್ನೇ ಒಂದು ಆಯ್ಕೆಯಾಗಿ ಇಡುವುದು ಪ್ರಶ್ನೆಕಾರರ ಹಳೆಯ ತಂತ್ರ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ-ಸಿದ್ಧಾಂತಗಳ ವಿಂಗಡಣೆಯನ್ನು ಕಂಡಿರುವ ಕನ್ನಡ ವಿದ್ಯಾರ್ಥಿಗೆ ಇದು ಹೊಸದಾಗಿ ಕಲಿಸಬೇಕಾದ ಸಂಗತಿಯಲ್ಲ, ಅವನಿಗೆ ಗೊತ್ತಿರುವುದನ್ನು ಇಲ್ಲಿಗೂ ಅನ್ವಯಿಸಬಹುದೆಂದು ತೋರಿಸಬೇಕಾದ ಸಂಗತಿ.

ತಾತ್ಪರ್ಯ ನಿರ್ಣಯ

ವಾಕ್ಯಾರ್ಥದಿಂದ ಮುಂದಕ್ಕೆ, ಇಡೀ ಗದ್ಯಭಾಗದ ಆಶಯವನ್ನು ಗುರುತಿಸುವ ಪ್ರಶ್ನೆಯೇ ಬಹಳ ಜನರನ್ನು ಎಡವಿಸುವುದು. ಮೀಮಾಂಸಕರು ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು ಹೇಳಿದ್ದಾರೆ: ಉಪಕ್ರಮ-ಉಪಸಂಹಾರಗಳ ಹೊಂದಾಣಿಕೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ವೇದವಾಕ್ಯಗಳಿಗಾಗಿ ರೂಪಿಸಿದ ಈ ಉಪಕರಣವನ್ನು ಪ್ರವೇಶ ಪರೀಕ್ಷೆಗೆ ಎಳೆದು ತರುವುದು ಸಂಪ್ರದಾಯಸ್ಥರಿಗೆ ವಿಚಿತ್ರವಾಗಿ ಕಾಣಬಹುದು. ಆದರೂ ಕೇಂದ್ರ ವಿಚಾರವನ್ನು ಗುರುತಿಸಲು ಇಷ್ಟು ಸ್ಪಷ್ಟವಾದ ಕ್ರಮವನ್ನು ಇಂದಿನ ತರಬೇತಿ ಕೈಪಿಡಿಗಳಲ್ಲಿ ಕಾಣುವುದು ಕಷ್ಟ. ನಿದರ್ಶನಕ್ಕಾಗಿ ಪರೀಕ್ಷೆಯ ಮಾದರಿಯಲ್ಲಿ ರಚಿಸಿದ ಈ ಭಾಗವನ್ನು ಗಮನಿಸಬಹುದು:

‘ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರಿನ ಜನ ನೀರಿಗಾಗಿ ಊರಿನ ಕೆರೆ ಬಾವಿಗಳನ್ನೇ ನೆಚ್ಚಿದ್ದರು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಈ ಅವಲಂಬನೆ ತಗ್ಗಿತು. ಜನರ ಮಟ್ಟಿಗೆ ಇದು ಸಮಾಧಾನದ ಸಂಗತಿಯಾದರೂ ಕೆರೆಗಳ ಮಟ್ಟಿಗೆ ಹಾಗಾಗಲಿಲ್ಲ. ಕುಡಿಯುವ ನೀರಿನ ಮೂಲವೆಂದು ಊರು ಕಾಯುತ್ತಿದ್ದ ಕೆರೆ, ಆ ಉಪಯೋಗ ತಪ್ಪಿದ ಮೇಲೆ ಬರಿಯ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವಿದೆ. ಕೊಳವೆಯೇ ಕೆರೆಯನ್ನು ಕೊಂದಿತೆನ್ನುವುದು ಅತಿಯಾದೀತು. ಆದರೆ ಕೆರೆಯನ್ನು ಕಾಯುವ ಕಾರಣವನ್ನು ಅದು ಊರಿನಿಂದ ಕಿತ್ತುಕೊಂಡಿತೆನ್ನಬಹುದು.’

ಈ ಭಾಗದ ಕೇಂದ್ರ ವಿಚಾರವೇನೆಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿವೆಯೆಂದು ಭಾವಿಸೋಣ. ಹೆಸರಘಟ್ಟದ ನೀರು 1896ರಲ್ಲಿ ಬೆಂಗಳೂರಿಗೆ ಬಂತು ಎಂಬುದು ಒಂದು. ಬೆಂಗಳೂರಿನ ಕೆರೆಗಳ ನಾಶಕ್ಕೆ ಕೊಳವೆ ನೀರೇ ಕಾರಣ ಎಂಬುದು ಇನ್ನೊಂದು. ನಗರದ ಬೆಳವಣಿಗೆಯಿಂದ ಕೆರೆಗಳು ಕಲುಷಿತವಾಗಿವೆ ಎಂಬುದು ಮತ್ತೊಂದು. ಉಪಯೋಗದ ಸಂಬಂಧ ಸಡಿಲವಾದಾಗ ಕೆರೆಗಳ ರಕ್ಷಣೆಗಿದ್ದ ಪ್ರೇರಣೆಯೂ ಕುಗ್ಗಿತು ಎಂಬುದು ಕೊನೆಯದು.

ಉಪಕ್ರಮದಲ್ಲಿ ಜನರು ಕೆರೆಯನ್ನು ನೆಚ್ಚಿದ್ದ ಸಂಗತಿಯಿದೆ. ಉಪಸಂಹಾರದಲ್ಲಿ ಕೆರೆಯನ್ನು ಕಾಯುವ ಕಾರಣ ಇಲ್ಲವಾದ ಸಂಗತಿಯಿದೆ. ಮೊದಲು ಕೊನೆಗಳನ್ನು ಜೋಡಿಸಿದರೆ ವಿಷಯ ‘ನೀರು ಬಂದದ್ದು’ ಅಲ್ಲ, ‘ಸಂಬಂಧ ಕಡಿದದ್ದು’ ಎಂಬುದು ತಾನಾಗಿ ತೋರುತ್ತದೆ. ಅಭ್ಯಾಸವೆಂದರೆ ಮತ್ತೆ ಮತ್ತೆ ಬರುವುದು: ನೆಚ್ಚಿದ್ದರು, ಅವಲಂಬನೆ, ಉಪಯೋಗ, ಕಾಯುತ್ತಿದ್ದ, ಕಾಯುವ. ಪದ ಬದಲಾದರೂ ಭಾವ ಒಂದೇ ಎಂಬುದನ್ನು ಇಲ್ಲಿ ಗಮನಿಸಬೇಕು. ಬರಿಯ ಪದವನ್ನು ಎಣಿಸುವವನಿಗೆ ‘ಕೆರೆ’ ಎಂಬುದೊಂದೇ ಸಿಕ್ಕುತ್ತದೆ. ಬಸ್ ನಿಲ್ದಾಣ, ಕ್ರೀಡಾಂಗಣಗಳ ಮಾತು ಅರ್ಥವಾದದ ಸ್ಥಾನದಲ್ಲಿದೆ: ಹೇಳಬೇಕಾದುದಕ್ಕೆ ಪುಷ್ಟಿ ಕೊಡಲು ಬಂದದ್ದು, ಅದೇ ಹೇಳಬೇಕಾದುದಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಮರುಳಾಗುವುದು ಇಂಥ ಕಣ್ಣಿಗೆ ಕಟ್ಟುವ ವಿವರಗಳಿಗೇ. ಅಪೂರ್ವತೆ ಕೊನೆಯ ವಾಕ್ಯದಲ್ಲಿದೆ. ಕೊಳವೆ ನೀರು ಬಂದದ್ದು ಎಲ್ಲರಿಗೂ ತಿಳಿದದ್ದು. ಅದು ಕಾಯುವ ಕಾರಣವನ್ನು ಕಿತ್ತುಕೊಂಡಿತೆಂಬುದು ಈ ಲೇಖಕ ಹೊಸದಾಗಿ ಹೇಳುತ್ತಿರುವುದು.

ಹೀಗೆ ನೋಡಿದಾಗ ಮೊದಲನೆಯ ಆಯ್ಕೆ ಸತ್ಯವಾದರೂ ಒಂದು ವಿವರ ಮಾತ್ರ. ಮೂರನೆಯದು ಲೋಕದಲ್ಲಿ ನಿಜ, ಆದರೆ ಮಾಲಿನ್ಯದ ಮಾತು ಈ ಭಾಗದಲ್ಲಿ ಎಲ್ಲಿಯೂ ಇಲ್ಲ. ಓದಿಕೊಂಡ ವಿದ್ಯಾರ್ಥಿ ಬೀಳುವ ಗುಂಡಿ ಇದೇ: ತನಗೆ ಗೊತ್ತಿರುವುದನ್ನು ಗದ್ಯದ ಮೇಲೆ ಹೇರುವುದು. ಎರಡನೆಯ ಆಯ್ಕೆ ಎಲ್ಲಕ್ಕಿಂತ ಅಪಾಯಕಾರಿ. ಅದರಲ್ಲಿ ಗದ್ಯದ ಪದಗಳೇ ಇವೆ, ವಾದದ ದಿಕ್ಕೂ ಅದೇ. ಲೇಖಕ ‘ಅತಿಯಾದೀತು’ ಎಂದು ನಿರಾಕರಿಸಿದ ‘ಏ’ಕಾರವನ್ನು ಮಾತ್ರ ಅದು ಮತ್ತೆ ತಂದು ಅಂಟಿಸಿದೆ. ಕೊನೆಯ ಆಯ್ಕೆಯಲ್ಲಿ ಗದ್ಯದ ಪದಗಳು ಕಡಮೆ. ‘ಪ್ರೇರಣೆ’, ‘ರಕ್ಷಣೆ’ ಎಂಬ ಬೇರೆ ಪದಗಳಿವೆ. ಪದ ಸಾಮ್ಯವನ್ನು ನಂಬಿದವನು ಅದನ್ನು ಬಿಟ್ಟುಬಿಡುತ್ತಾನೆ, ಅರ್ಥ ಸಾಮ್ಯವನ್ನು ನೋಡಿದವನು ಅದನ್ನೇ ಹಿಡಿಯುತ್ತಾನೆ. ‘ಹಾಗಾಗಲಿಲ್ಲ’ ಎಂಬಲ್ಲಿ ‘ಹಾಗೆ’ ಯಾವುದನ್ನು ಸೂಚಿಸುತ್ತದೆಂಬುದೂ ಒಳ್ಳೆಯ ಪ್ರಶ್ನೆ. ಅದು ‘ಸಮಾಧಾನದ ಸಂಗತಿ’ಯನ್ನು ಸೂಚಿಸುತ್ತದೆ, ‘ಅವಲಂಬನೆ ತಗ್ಗಿತು’ ಎಂಬುದನ್ನಲ್ಲ. ಸರ್ವನಾಮದ ಆಕಾಂಕ್ಷೆಯನ್ನು ಹಿಂದಿನ ವಾಕ್ಯದ ಯಾವ ಪದ ಪೂರೈಸುತ್ತದೆ, ಅದಕ್ಕೆ ಯೋಗ್ಯತೆ ಇದೆಯೇ ಎಂದು ನೋಡುವ ಶಾಬ್ದಬೋಧದ ಕ್ರಮ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಅನುಮಾನದ ಪ್ರಶ್ನೆಗಳ ವಿಚಾರದಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಅಗತ್ಯ. ಧ್ವನಿಯನ್ನು ಹುಡುಕುವುದು ಅವನಿಗೆ ರೂಢಿಯಾಗಿರುತ್ತದೆ. ಸಹೃದಯನ ಕಲ್ಪನೆ ಎಷ್ಟು ದೂರ ಹೋದರೂ ಕಾವ್ಯದಲ್ಲಿ ಅದಕ್ಕೆ ಮನ್ನಣೆಯುಂಟು. ಪರೀಕ್ಷೆಯ ಗದ್ಯದಲ್ಲಿ ಅನುಮಾನವೆಂದರೆ ಹೇಳಿದ್ದು ನಿಜವಾದರೆ ಇದೂ ನಿಜವಾಗಲೇಬೇಕು ಎಂಬಷ್ಟು ಹತ್ತಿರದ ಹೆಜ್ಜೆ. ಮೇಲಿನ ಭಾಗದಿಂದ ‘1896ರ ಅನಂತರ ಊರು ಕೆರೆಗಳನ್ನು ಮೊದಲಿನಷ್ಟು ಕಾಯಲಿಲ್ಲ’ ಎಂದು ಹೇಳಬಹುದು. ‘ಕೊಳವೆ ನೀರು ಬಾರದಿದ್ದರೆ ಕೆರೆಗಳು ಇಂದಿಗೂ ಉಳಿದಿರುತ್ತಿದ್ದವು’ ಎಂದು ಹೇಳಬರುವುದಿಲ್ಲ. ಎರಡನೆಯದು ಕೇಳಲು ಚೆನ್ನಾಗಿದೆ, ಅಷ್ಟೇ.

ಕನ್ನಡದಲ್ಲಿ ಕಲಿತದ್ದು ಇಂಗ್ಲಿಷಿಗೆ ಒದಗುವುದೇ?

ಇಷ್ಟನ್ನೂ ಕನ್ನಡದಲ್ಲಿ ಕಲಿಸಿದರೆ ಇಂಗ್ಲಿಷ್ ಗದ್ಯದ ಮುಂದೆ ಅದರಿಂದೇನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಪರಭಾಷೆಯ ಓದಿನ ತೊಂದರೆ ಓದಿನ ತೊಂದರೆಯೋ ಭಾಷೆಯ ತೊಂದರೆಯೋ ಎಂದು ಚಾರ್ಲ್ಸ್ ಆಲ್ಡರ್‌ಸನ್ 1984ರಲ್ಲಿಯೇ ಎತ್ತಿದ ಪ್ರಶ್ನೆ ಭಾಷಾ ಬೋಧನೆಯ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಮೊದಲ ಭಾಷೆಯಲ್ಲಿ ಗಳಿಸಿದ ಓದಿನ ಸಾಮರ್ಥ್ಯ ಎರಡನೆಯ ಭಾಷೆಗೂ ಸಾಗುತ್ತದೆಂದು ಜಿಮ್ ಕಮಿನ್ಸ್ 1979ರಲ್ಲಿ ವಾದಿಸಿದ್ದರು. ಎರಡನೆಯ ಭಾಷೆಯ ಜ್ಞಾನ ಒಂದು ಮಟ್ಟಕ್ಕೆ ಮುಟ್ಟುವವರೆಗೆ ಈ ಸಾಗಾಟ ನಡೆಯದೆಂದು ಹೇಳುವವರೂ ಇದ್ದಾರೆ. ಎರಡೂ ಮಾತುಗಳನ್ನು ಕೂಡಿಸಿದರೆ ಕನ್ನಡ ವಿಭಾಗಕ್ಕೆ ಒಂದು ಸ್ಪಷ್ಟವಾದ ಕಾರ್ಯಕ್ರಮವೇ ದೊರೆಯುತ್ತದೆ. ಓದಿನ ಕ್ರಮವನ್ನು ಕನ್ನಡ ಗದ್ಯದ ಮೂಲಕ ಗಟ್ಟಿ ಮಾಡುವುದು. ಇಂಗ್ಲಿಷಿನಲ್ಲಿ ಕಲಿಸಬೇಕಾದದ್ದನ್ನು ಸಂಯೋಜಕ ಪದಗಳು, ಅಡಗಿದ ನಿಷೇಧ, ಉದ್ದವಾಕ್ಯದ ಕ್ರಿಯೆಯನ್ನು ಗುರುತಿಸುವುದು ಇಷ್ಟಕ್ಕೆ ಮಿತಿಗೊಳಿಸುವುದು. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗೆ ಇಡೀ ಇಂಗ್ಲಿಷನ್ನು ಕಲಿಸುವ ಮಹತ್ವಾಕಾಂಕ್ಷೆ ಎರಡು ತಿಂಗಳಲ್ಲಿ ಬತ್ತಿಹೋಗುತ್ತದೆ. ನೂರು ಸಂಯೋಜಕ ಪದಗಳನ್ನು ಪ್ರಯೋಗ ಸಹಿತ ಕಲಿಸುವುದು ಕಾರ್ಯಸಾಧ್ಯ.

ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಒಂದು ಬೋಧನ ಕ್ರಮವೂ ಇಲ್ಲಿ ಉಲ್ಲೇಖಾರ್ಹ. ಅಕ್ಷರ ಓದಲು ಬಂದರೂ ಅರ್ಥಗ್ರಹಣದಲ್ಲಿ ಹಿಂದುಳಿದ ಮಕ್ಕಳ ಸಣ್ಣ ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಗುರುವಾಗಿ, ಓದಿದ್ದನ್ನು ಸಂಗ್ರಹಿಸಿ ಹೇಳುವುದು, ಪ್ರಶ್ನೆ ಕೇಳುವುದು, ತೊಡಕನ್ನು ಬಿಡಿಸುವುದು, ಮುಂದೇನು ಬರಬಹುದೆಂದು ಊಹಿಸುವುದು ಈ ನಾಲ್ಕನ್ನು ಮಾಡುತ್ತಾರೆ. ಗಮಕಿ ವಾಚಿಸಿ, ವ್ಯಾಖ್ಯಾನಕಾರ ಬಿಡಿಸಿ ಹೇಳಿ, ಶ್ರೋತೃಗಳು ನಡುವೆ ಶಂಕೆ ಎತ್ತುವ ಕಾವ್ಯವಾಚನದ ಸಭೆಗಳನ್ನು ಬಲ್ಲವರಿಗೆ ಇದರಲ್ಲಿ ಹೊಸತೆನಿಸುವುದು ಒಂದೇ: ವ್ಯಾಖ್ಯಾನದ ಸರದಿ ಎಲ್ಲರಿಗೂ ಬರುತ್ತದೆ.

ಇನ್ನು ಸಮಯ ಹಾಗೂ ಮಾಧ್ಯಮದ ವಿಚಾರ. 180 ನಿಮಿಷಗಳಲ್ಲಿ 150 ಪ್ರಶ್ನೆಗಳೆಂದರೆ ಸರಾಸರಿ ಒಂದಕ್ಕೆ 72 ಸೆಕೆಂಡು; ಗದ್ಯಭಾಗದ ಐದು ಪ್ರಶ್ನೆಗಳಿಗೆ ಆರು ನಿಮಿಷ. ಆರು ನಿಮಿಷದಲ್ಲಿ ಗದ್ಯವನ್ನು ಒಮ್ಮೆ ನಿಧಾನವಾಗಿ, ಬೇಕಾದಲ್ಲಿ ಮತ್ತೊಮ್ಮೆ ಓದಲು ಅವಕಾಶವಿದೆ. ಪ್ರಶ್ನೆಗಳನ್ನು ಮೊದಲು ಓದಬೇಕೆಂಬ ಸಲಹೆಯಲ್ಲಿ ಅರ್ಧ ಸತ್ಯವಿದೆ: ಪ್ರಶ್ನೆಯನ್ನು ನೋಡಬಹುದು, ಆಯ್ಕೆಗಳನ್ನು ನೋಡಬಾರದು, ನಾಲ್ಕರಲ್ಲಿ ಮೂರು ಸುಳ್ಳುಗಳನ್ನು ತಲೆಯಲ್ಲಿ ತುಂಬಿಕೊಂಡು ಗದ್ಯಕ್ಕೆ ಹೋಗುವುದು ಅವಿವೇಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ನಿಯಮ ನೆಟ್‌ನಲ್ಲಿ ಇಲ್ಲದ್ದರಿಂದ ಯಾವ ಪ್ರಶ್ನೆಯನ್ನೂ ಬಿಡುವ ಅಗತ್ಯವಿಲ್ಲ. 2018ರ ಡಿಸೆಂಬರ್‌ನಿಂದ ಪರೀಕ್ಷೆ ಗಣಕಯಂತ್ರದ ಮೇಲೆ ನಡೆಯುತ್ತಿದೆ. 2024ರ ಜೂನ್ 18ರಂದು ಮಾತ್ರ ಕಾಗದದ ಮೇಲೆ ನಡೆದು, ಮರುದಿನವೇ ರದ್ದಾಗಿ, ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ ಮತ್ತೆ ಗಣಕಯಂತ್ರದ ಮೇಲೆಯೇ ನಡೆಯಿತು. ಕಾಗದದ ಮೇಲೆ ನಡೆದ ಕೆ-ಸೆಟ್‌ನಂಥ ಪರೀಕ್ಷೆಯಲ್ಲಿ ‘ಆದರೆ’ಯ ಕೆಳಗೆ ಗೆರೆ ಎಳೆದವನಿಗೆ ಪರದೆಯ ಮೇಲೆ ಆ ಸೌಲಭ್ಯವಿಲ್ಲ. ಆದುದರಿಂದ ಪ್ರತಿ ಪರಿಚ್ಛೇದದ ಪಕ್ಕಕ್ಕೆ ಒಂದೆರಡು ಪದಗಳಲ್ಲಿ ಅದರ ಸಾರವನ್ನು ಕಚ್ಚಾ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸವನ್ನು ತರಗತಿಯಲ್ಲಿಯೇ ಮಾಡಿಸುವುದು ಮೇಲು.

ತರಗತಿಯಲ್ಲಿ ಫಲ ಕೊಡಬಲ್ಲ ಇನ್ನೊಂದು ಅಭ್ಯಾಸವೆಂದರೆ ಪ್ರಶ್ನೆಗೆ ಉತ್ತರಿಸುವುದಲ್ಲ, ಪ್ರಶ್ನೆಯನ್ನು ತಯಾರಿಸುವುದು. ವಿದ್ಯಾರ್ಥಿಗೆ ವಾರಕ್ಕೊಂದು ವೈಚಾರಿಕ ಗದ್ಯಭಾಗವನ್ನು ಕೊಟ್ಟು, ಒಂದು ಸರಿಯಾದ ಆಯ್ಕೆಯನ್ನೂ ಮೂರು ತಪ್ಪು ಆಯ್ಕೆಗಳನ್ನೂ ಬರೆಯಲು ಹೇಳಬೇಕು. ತಪ್ಪುಗಳಲ್ಲಿ ಒಂದು ಬರಿಯ ವಿವರ, ಒಂದು ಹೊರಗಿನ ಸತ್ಯ, ಒಂದು ಅತಿಯಾದ ಹೇಳಿಕೆ ಆಗಿರಬೇಕು. ಸಹಪಾಠಿಗಳು ಅದನ್ನು ಬಿಡಿಸಬೇಕು; ಯಾರೂ ಎಡವದಿದ್ದರೆ ಆಯ್ಕೆಗಳನ್ನು ತಿದ್ದಿ ಬರೆಯಬೇಕು. ‘ಅತಿಯಾದ ಹೇಳಿಕೆ’ಯನ್ನು ಬರೆಯಲು ಹೊರಟಾಗ ಬಹಳ ಮಂದಿ ಮೊದಲು ಮಾಡುವ ಕೆಲಸವೆಂದರೆ ಮೂಲದ ‘ಬಹುದು’ಗಳನ್ನು ಹುಡುಕುವುದು. ಅದಕ್ಕಾಗಿ ಅವರು ಗದ್ಯವನ್ನು ಎರಡನೆಯ ಸಲ, ಮೂರನೆಯ ಸಲ ಓದಬೇಕಾಗುತ್ತದೆ.